ಬಾಜೀದ್, ನುಸೈಬಿನ್, ಜಾಖೋ: ಕುರ್ದರ ಗಡಿ ಊರುಗಳಲ್ಲಿ ನಿಮಗೆ ಯಾವುದು?

ಕುರ್ದರಿಗೆ ತಮ್ಮದೇ ಅಂತ ಒಂದು ದೇಶವಿಲ್ಲ. ಟರ್ಕಿ, ಇರಾಕ್, ಇರಾನ್, ಸಿರಿಯಾ ಈ ನಾಲ್ಕರಲ್ಲಿ ಹಂಚಿಹೋಗಿರುವ ಜನ ಅವರು. ಹಾಗಾಗಿ ಅವರ ನೆಲದಲ್ಲಿ ಎತ್ತ ಹೋದರೂ ಒಂದಲ್ಲ ಒಂದು ಗಡಿ ಅಡ್ಡ ಬರುತ್ತದೆ. "ಕುರ್ದರ ಹಳೇ ಗಡಿ ಊರೊಂದನ್ನು ನೋಡಬೇಕು, ಯಾವುದಕ್ಕೆ ಹೋಗಲಿ?" ಅಂತ ಕೇಳುವವರು ಗೊಂದಲಕ್ಕೆ ಬೀಳುವುದು ಇದಕ್ಕೇ. ಫೋಟೋದಲ್ಲಿ ಎಲ್ಲ ಊರೂ ಚೆಂದ. ಒಂದು ಕಡೆ ಬೆಟ್ಟದ ಮೇಲೆ ಅರಮನೆ, ಇನ್ನೊಂದು ಕಡೆ ನದಿಗೆ ಕಲ್ಲಿನ ಕಮಾನು, ಮತ್ತೊಂದು ಕಡೆ ಜೇನಿನ ಬಣ್ಣದ ಬೀದಿ. ಆದರೆ ಒಂದಕ್ಕೆ ಬೇಕಾದ ವೀಸಾ ಇನ್ನೊಂದಕ್ಕೆ ಆಗುವುದಿಲ್ಲ. ಒಂದು ಊರು ಹಿತವಾಗಿರುವ ತಿಂಗಳಲ್ಲಿ ಇನ್ನೊಂದು ಕಾದ ಹೆಂಚು.

ಇಲ್ಲಿ ಮೂರು ಊರುಗಳನ್ನು ತೂಗಿ ನೋಡುತ್ತೇನೆ. ಟರ್ಕಿ-ಇರಾನ್ ಗಡಿಯ ದೋಉಬಯಾಜಿತ್ (ಕುರ್ದರ ಬಾಯಲ್ಲಿ ಬಾಜೀದ್), ಟರ್ಕಿ-ಸಿರಿಯಾ ಗಡಿಯ ನುಸೈಬಿನ್ (ಮಾರ್ದಿನ್ ಜೊತೆಗೆ), ಇರಾಕ್-ಟರ್ಕಿ ಗಡಿಯ ಜಾಖೋ. ಇರಾನ್ ಮತ್ತು ಸಿರಿಯಾದ ಒಳಗಿನ ಊರುಗಳನ್ನು ಬೇಕಂತಲೇ ಬಿಟ್ಟಿದ್ದೇನೆ. ಅವನ್ನು ರಜೆಗೆ ಹೋಗುವ ಜಾಗ ಅಂತ ಹೇಳಲು ಸದ್ಯಕ್ಕೆ ನನಗೆ ಧೈರ್ಯವಿಲ್ಲ.

ಮೊದಲು ನೋಡಬೇಕಾದ್ದು

ಎಲ್ಲಕ್ಕಿಂತ ಮೊದಲು ಕಾಗದಪತ್ರ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಟರ್ಕಿಯ ಇ-ವೀಸಾ ಸಿಗಬೇಕಾದರೆ ಅಮೆರಿಕ, ಬ್ರಿಟನ್, ಐರ್ಲೆಂಡ್ ಅಥವಾ ಷೆಂಗೆನ್ ದೇಶಗಳ ಚಾಲ್ತಿ ವೀಸಾ ಇರಬೇಕು, ಇಲ್ಲವೇ ಅಲ್ಲಿನ ನಿವಾಸ ಪರವಾನಗಿ ಇರಬೇಕು. ಅದಿಲ್ಲದವರು ಅರ್ಜಿ ಹಾಕಿ ಪಾಸ್‌ಪೋರ್ಟಿಗೆ ವೀಸಾ ಅಂಟಿಸಿಕೊಳ್ಳಬೇಕು; ಅದಕ್ಕೆ ಸಮಯ ಜಾಸ್ತಿ ಹಿಡಿಯುತ್ತದೆ. ದುಬೈ, ದೋಹಾದಲ್ಲಿರುವ ಕನ್ನಡಿಗರು ಗಮನಿಸಿ, ಕೊಲ್ಲಿಯ ನಿವಾಸ ಪರವಾನಗಿ ಆ ಪಟ್ಟಿಯಲ್ಲಿಲ್ಲ. ಇರಾಕಿನ ವೀಸಾ ನಿಯಮಗಳು ಈಚಿನ ವರ್ಷಗಳಲ್ಲಿ ಮೇಲಿಂದ ಮೇಲೆ ಬದಲಾಗಿವೆ. ಎರಡು ವರ್ಷದ ಹಿಂದೆ ಹೋಗಿ ಬಂದವರ ಮಾತು ನಂಬಿ ಟಿಕೆಟ್ ತೆಗೆಯಬೇಡಿ.

ಕಾಗದಪತ್ರದ ಜೊತೆಗೇ ವಿಮೆ. ನಮ್ಮ ವಿದೇಶಾಂಗ ಇಲಾಖೆ "ಹೋಗಬೇಡಿ" ಎಂದು ಸೂಚನೆ ಕೊಟ್ಟ ಜಾಗದಲ್ಲಿ ಏನಾದರೂ ಆದರೆ ಎಷ್ಟೋ ಪಾಲಿಸಿಗಳು ದುಡ್ಡು ಕೊಡುವುದಿಲ್ಲ. ಆ ಸೂಚನೆಯನ್ನು ಟಿಕೆಟ್ ತೆಗೆಯುವ ಮೊದಲು ಒಮ್ಮೆ, ಹೊರಡುವ ವಾರ ಇನ್ನೊಮ್ಮೆ ಓದಿ.

ಆಮೇಲೆ ತಿಂಗಳು. ಆಮೇಲೆ ಮಂಡಿ, ತಮಾಷೆಯಲ್ಲ, ಈ ಮೂರರಲ್ಲಿ ಒಂದು ಊರು ಪೂರ್ತಿ ಮೆಟ್ಟಿಲು. ಆಮೇಲೆ ಹೊಟ್ಟೆ, ಅಂದರೆ ಮಾಂಸ ತಿನ್ನದವರ ಪಾಡು. ಕೊನೆಗೆ ದುಡ್ಡು. ದುಡ್ಡನ್ನು ಕೊನೆಗೆ ಇಟ್ಟಿದ್ದಕ್ಕೆ ಕಾರಣವಿದೆ. ಮೂರೂ ಕಡೆ ಊಟ, ಬಸ್ಸು ದುಬಾರಿಯಲ್ಲ. ಖರ್ಚು ಏರುವುದು ಬೇರೆ ಬೇರೆ ಕಾರಣಕ್ಕೆ: ಒಂದು ಕಡೆ ಪರ್ವತಕ್ಕೆ, ಒಂದು ಕಡೆ ಹೋಟೆಲಿಗೆ, ಒಂದು ಕಡೆ ಕಾರಿಗೆ.

ಬಾಜೀದ್: ಅರಮನೆ, ಪರ್ವತ, ಚಳಿ

ದೋಉಬಯಾಜಿತ್ ಎಂಬ ಹೆಸರಿಗೆ ನಾಲಿಗೆ ಹೊರಳದ ವಿದೇಶಿ ಪ್ರವಾಸಿಗರು ತಮಾಷೆಗೆ ಅದನ್ನು 'ಡಾಗ್ ಬಿಸ್ಕೆಟ್' ಎನ್ನುತ್ತಾರೆ. ಕುರ್ದರು ಕರೆಯುವುದು ಬಾಜೀದ್ ಅಂತ. ನಾವೂ ಹಾಗೇ ಕರೆಯೋಣ. ಇರಾನಿಗೆ ಹೋಗುವ ಗುರ್‌ಬುಲಾಕ್ ಗಡಿಬಾಗಿಲು ಇಲ್ಲಿಂದ ಸುಮಾರು 35 ಕಿಲೋಮೀಟರ್. ಪೇಟೆ ಮಾತ್ರ ನೋಡಿದರೆ ನಿರಾಸೆ ಗ್ಯಾರಂಟಿ. ಹಳೇ ಊರು ಬೆಟ್ಟದ ಮಡಿಲಲ್ಲಿತ್ತು. 1930ರ ಹೊತ್ತಿಗೆ, ಕುರ್ದರ ಆರಾರಾತ್ ದಂಗೆಯನ್ನು ಹತ್ತಿಕ್ಕಿದ ಕಾಲದಲ್ಲಿ, ಅದು ಹಾಳಾಯಿತು. ಈಗಿನ ಊರು ಆಮೇಲೆ ಬಯಲಿನಲ್ಲಿ ಕಟ್ಟಿದ್ದು. ಲಾರಿ, ಧೂಳು, ಕಾಂಕ್ರೀಟು, ಚಹಾ ಅಂಗಡಿ, ಇಷ್ಟೇ.

ಆದರೆ ತಲೆ ಎತ್ತಿದರೆ ಉತ್ತರಕ್ಕೆ 5,137 ಮೀಟರಿನ ಆರಾರಾತ್. ಅದರ ಪಕ್ಕದಲ್ಲಿ 3,896 ಮೀಟರಿನ ತಮ್ಮ. ಬೆಳಿಗ್ಗೆ ಬೇಗ ಎದ್ದರೆ ಪರ್ವತ ಪೂರ್ತಿ ಕಾಣುವ ಸಾಧ್ಯತೆ ಜಾಸ್ತಿ. ಹೊತ್ತು ಏರಿದಂತೆ ಮೋಡ ತಲೆಗೆ ಮುಂಡಾಸು ಸುತ್ತುತ್ತದೆ. ಒಂದೇ ರಾತ್ರಿ ಉಳಿದು, ಮೋಡ ಕವಿದ ಬೆಳಗನ್ನು ನೋಡಿ, ಬೇಜಾರಾಗಿ ಹೊರಟವರು ಎಷ್ಟೋ ಜನ. ಎರಡು ರಾತ್ರಿ ಇರಿ.

ಊರಿನಿಂದ ಆರೇಳು ಕಿಲೋಮೀಟರ್ ಮೇಲೆ ಇಷಾಕ್ ಪಾಷಾ ಅರಮನೆ. 1685ರಲ್ಲಿ ಚೋಲಕ್ ಅಬ್ದಿ ಪಾಷಾ ಶುರು ಮಾಡಿದ. ಮುಗಿದದ್ದು 1784ರಲ್ಲಿ, ಅವನ ವಂಶದ ಇಷಾಕ್ ಪಾಷಾನ ಕಾಲಕ್ಕೆ. ಒಟ್ಟೋಮನ್, ಪರ್ಷಿಯನ್, ಸೆಲ್ಜುಕ್ ಕೈಗಳೆಲ್ಲ ಒಂದೇ ಗೋಡೆಯಲ್ಲಿ ಸೇರಿವೆ. ದುರಸ್ತಿ ಮಾಡುವಾಗ ಕೆಲವು ಕಡೆ ಗಾಜಿನ ಸೂರು ಹಾಕಿದ್ದಾರೆ. ನನಗೆ ಅದು ಹಿಡಿಸಲಿಲ್ಲ, ಆದರೆ ಮಳೆ, ಹಿಮದಿಂದ ಕೆತ್ತನೆ ಉಳಿಯಬೇಕಲ್ವಾ. ಒಳಗೆ ಸುತ್ತಾಡಿದ ಮೇಲೆ ಇನ್ನೂ ಸ್ವಲ್ಪ ಮೇಲಕ್ಕೆ ಹತ್ತಿ. ಸಂಜೆ ಬೆಳಕಿನಲ್ಲಿ ಅರಮನೆ, ಅದರ ಕೆಳಗೆ ಬಯಲು, ಎರಡೂ ಒಟ್ಟಿಗೆ ಕಾಣುವುದು ಅಲ್ಲಿಂದಲೇ.

ಅಲ್ಲೇ ಅಹ್ಮದ್ ಖಾನಿಯ ಸಮಾಧಿ. ಕುರ್ದರ ಪಾಲಿಗೆ ಇದು ಅರಮನೆಗಿಂತ ದೊಡ್ಡ ಜಾಗ. 'ಮೆಮ್ ಮತ್ತು ಜೀನ್' ಎಂಬ ಪ್ರೇಮಿಗಳ ಕಾವ್ಯವನ್ನು ಅವನು 1692ರಲ್ಲಿ ಮುಗಿಸಿದ. ಒಟ್ಟೋಮನ್ ಮತ್ತು ಪರ್ಷಿಯನ್ ದೊರೆಗಳು ತಮ್ಮ ನಡುವಿನ ಗಡಿಯ ಒಪ್ಪಂದ ಮಾಡಿಕೊಂಡು ಆಗ ಐವತ್ತು ಚಿಲ್ಲರೆ ವರ್ಷವಾಗಿತ್ತು. ಎರಡು ರಾಜ್ಯಗಳ ನಡುವೆ ಕುರ್ದರು ಸಿಕ್ಕಿ ನಲುಗುವುದನ್ನು ಅವನು ಪ್ರೇಮಕಥೆಯ ಮೊದಲಲ್ಲೇ ಬರೆದಿಟ್ಟ. ಗಡಿ ಊರಿನ ಕವಿ ಬೇರೇನು ಬರೆದಾನು? ಈಗ ಆಅರಿ ಜಿಲ್ಲೆಯ ವಿಮಾನ ನಿಲ್ದಾಣಕ್ಕೂ ಅವನದೇ ಹೆಸರು.

ಎರಡನೇ ದಿನಕ್ಕೆ ಕಾರು ಮಾಡಿಕೊಂಡರೆ ದುರುಪನಾರ್ ನೋಡಬಹುದು. ದೋಣಿಯ ಆಕಾರದ ಮಣ್ಣಿನ ದಿಬ್ಬ. ನೋಹನ ನಾವೆ ಇದೇ ಎಂದು ನಂಬುವವರಿದ್ದಾರೆ, ಭೂವಿಜ್ಞಾನಿಗಳು ಒಪ್ಪುವುದಿಲ್ಲ. ಗಡಿ ಹತ್ತಿರದ 'ಉಲ್ಕೆಯ ಗುಂಡಿ'ಗೆ ಸಮಯ ಕೊಡಬೇಡಿ, ಅದೊಂದು ದೊಡ್ಡ ಗುಂಡಿ ಅಷ್ಟೇ. ಅದರ ಬದಲು ತೆಂದುರೆಕ್ ಘಾಟಿ ದಾಟಿ ವಾನ್ ನಗರದ ಕಡೆ ಹೋಗಿ. ಮುರಾದಿಯೆ ಜಲಪಾತ ದಾರಿಯಲ್ಲೇ ಇದೆ. ವಾನ್ ಸರೋವರ ಟರ್ಕಿಯಲ್ಲೇ ದೊಡ್ಡದು, ಅದರ ನಡುವಿನ ಅಕ್ದಮಾರ್ ದ್ವೀಪದಲ್ಲಿ ಹತ್ತನೇ ಶತಮಾನದ ಅರ್ಮೇನಿಯನ್ ಚರ್ಚು ಇದೆ.

ಹೋಗುವುದು ಸುಲಭ. ಇಸ್ತಾಂಬುಲ್‌ನಿಂದ ಇಅದಿರ್‌ಗೆ ವಿಮಾನ, ಅಲ್ಲಿಂದ ಸುಮಾರು 50 ಕಿಲೋಮೀಟರ್ ದೋಲ್ಮುಷ್, ಅಂದರೆ ಜನ ತುಂಬಿದ ಮೇಲೆ ಹೊರಡುವ ಮಿನಿ ಬಸ್ಸು. ಅಥವಾ ವಾನ್‌ಗೆ ಇಳಿದು ಮೂರು ಗಂಟೆಯ ದಾರಿ. ಅರ್ಮೇನಿಯಾದ ಯೆರೆವಾನ್‌ನಿಂದಲೂ ಆರಾರಾತ್ ಎದುರಿಗೇ ಕಾಣುತ್ತದೆ, "ಅಲ್ಲಿಂದ ಹಂಗೇ ದಾಟಿಬಿಡೋಣ" ಅನ್ನಿಸುತ್ತದೆ. ಆ ಗಡಿಯನ್ನು ಟರ್ಕಿ 1993ರಲ್ಲಿ ಮುಚ್ಚಿತು. ಜಾರ್ಜಿಯಾ ಸುತ್ತಿಕೊಂಡು ಬರುವ ಲೆಕ್ಕದಲ್ಲೇ ಯೋಜನೆ ಹಾಕಿ.

ಹೋಟೆಲು ಸಾದಾ, ಅಗ್ಗ. ಖರ್ಚು ಏರುವುದು ಪರ್ವತ ಹತ್ತುತ್ತೇನೆ ಎಂದಾಗ. ಅನುಮತಿ ಪತ್ರ ಬೇಕು, ಪರವಾನಗಿ ಇರುವ ಗೈಡ್ ಬೇಕು, ಎತ್ತರಕ್ಕೆ ಮೈ ಒಗ್ಗಿಸಿಕೊಳ್ಳಲು ನಾಲ್ಕೈದು ದಿನ ಬೇಕು. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಮಾತ್ರ, ಸುಮ್ನೆ ಟ್ರೆಕ್ ಮಾಡಿ ಅಭ್ಯಾಸವಿದ್ದವರಿಗೆ ಆಗುವ ಮಾತು, ಅದೂ ಹಿಮದ ಮೇಲೆ ಬೂಟಿಗೆ ಕ್ರ್ಯಾಂಪನ್, ಅಂದರೆ ಲೋಹದ ಮುಳ್ಳುಪಟ್ಟಿ, ಕಟ್ಟಿಕೊಂಡು. ಹತ್ತದವರಿಗೆ ಮೇ ಕೊನೆಯಿಂದ ಅಕ್ಟೋಬರ್ ಮೊದಲವರೆಗೆ ಚೆನ್ನ. ಚಳಿಗಾಲದಲ್ಲಿ ಬೇಡ. ಊರೇ ಸುಮಾರು 1,600 ಮೀಟರ್ ಎತ್ತರದಲ್ಲಿದೆ.

ನುಸೈಬಿನ್ ಮತ್ತು ಮಾರ್ದಿನ್: ಹಳಿಯೇ ಗಡಿ

ಗಡಿ ಎಂದರೇನು ಅಂತ ತಿಳಿಯಬೇಕೆಂದರೆ ನುಸೈಬಿನ್‌ಗೆ ಸಾಟಿಯಿಲ್ಲ. ಇದು ಹಳೇ ಕಾಲದ ನಿಸಿಬಿಸ್. ರೋಮ್ ಮತ್ತು ಪರ್ಷಿಯಾ ಈ ಊರಿಗಾಗಿ ಶತಮಾನಗಟ್ಟಲೆ ಬಡಿದಾಡಿದವು. 363ರಲ್ಲಿ ರೋಮ್ ಅದನ್ನು ಪರ್ಷಿಯಾಕ್ಕೆ ಬಿಟ್ಟುಕೊಟ್ಟಿತು. ಗಡಿ ಕಾಯಲು ಊರೇ ಇಲ್ಲದಂತಾಗಿ, ಆರನೇ ಶತಮಾನದ ಮೊದಲಲ್ಲಿ ಚಕ್ರವರ್ತಿ ಅನಸ್ತಾಸಿಯಸ್ ಹತ್ತಿರದಲ್ಲೇ ದಾರಾ ಎಂಬ ಕೋಟೆ ಊರನ್ನು ಕಟ್ಟಿಸಿದ. ಆ ದಾರಾ ಈಗಲೂ ಇದೆ, ಮಾರ್ದಿನ್‌ನಿಂದ 30 ಕಿಲೋಮೀಟರ್. ಬಂಡೆ ಕೊರೆದು ಮಾಡಿದ ಸಮಾಧಿಗಳ ಸಾಲು. ಹಳ್ಳಿಯ ಮನೆಯೊಂದರ ಕೆಳಗೆ ಕತ್ತಲಲ್ಲಿ ಇಳಿಯುತ್ತಾ ಹೋಗುವ ದೈತ್ಯ ನೀರಿನ ತೊಟ್ಟಿ. ಊರವರು ಅದನ್ನು 'ಜಿಂದಾನ್', ಅಂದರೆ ಸೆರೆಮನೆ ಎನ್ನುತ್ತಾರೆ. ಈ ಮೂರು ಊರುಗಳ ಸುತ್ತಮುತ್ತ ಒಂದೇ ಒಂದು ಜಾಗ ಆರಿಸು ಎಂದರೆ ನಾನು ಅರಮನೆ ಬಿಟ್ಟು ದಾರಾ ಆರಿಸುತ್ತೇನೆ.

ಈಗಿನ ಗಡಿಯ ಕಥೆ ಇನ್ನೂ ವಿಚಿತ್ರ. ಮೊದಲ ಮಹಾಯುದ್ಧದ ನಂತರ, 1921ರಲ್ಲಿ, ಫ್ರಾನ್ಸ್ ಮತ್ತು ಟರ್ಕಿ ಕೂತು ಬಾಗ್ದಾದ್ ರೈಲು ಹಳಿಯನ್ನೇ ಗಡಿ ಮಾಡಿಕೊಂಡವು. ಹಳಿಯ ಈಚೆ ಟರ್ಕಿ, ಆಚೆ ಸಿರಿಯಾ. ಇಲ್ಲಿನ ಕುರ್ದರು ಇವತ್ತಿಗೂ ಸಿರಿಯಾ ಕಡೆಯನ್ನು 'ಬಿನ್‌ಖೆತ್' ಎನ್ನುತ್ತಾರೆ, ಗೆರೆಯ ಕೆಳಗೆ ಅಂತ. ಟರ್ಕಿ ಕಡೆ 'ಸೆರ್‌ಖೆತ್', ಗೆರೆಯ ಮೇಲೆ. ನುಸೈಬಿನ್‌ನಿಂದ ನೋಡಿದರೆ ಎದುರಿಗೇ ಕಾಮಿಶ್ಲಿ, ಗೆರೆ ಎಳೆದ ಮೇಲೆ ಹುಟ್ಟಿದ ಊರು. ಕಣ್ಣಿಗೆ ಕಾಣುತ್ತದೆ, ಕಾಲಿಗೆ ಸಿಗುವುದಿಲ್ಲ. ದಾಟುವ ಯೋಚನೆ ಬೇಡ. ಬೇಲಿ, ಕಾವಲು ಗೋಪುರ, ಸೈನಿಕರ ಫೋಟೋ ತೆಗೆಯುವ ಯೋಚನೆಯಂತೂ ಬೇಡವೇ ಬೇಡ.

ನುಸೈಬಿನ್‌ನಲ್ಲಿ ನೋಡಲು ಇರುವುದು ಅರ್ಧ ದಿನದ್ದು. ನಾಲ್ಕನೇ ಶತಮಾನದ ಮೋರ್ ಯಾಕೂಪ್ ಚರ್ಚು, ಅದಕ್ಕೆ ಅಂಟಿಕೊಂಡಂತೆ ಜೈನೆಲ್ ಆಬಿದಿನ್ ಮಸೀದಿ. ಚರ್ಚಿನ ಕೆಳಗಿನ ಕೋಣೆಗೆ ಇಳಿದು ಸಂತ ಯಾಕೂಪರ ಕಲ್ಲಿನ ಶವಪೆಟ್ಟಿಗೆ ನೋಡಿ. ಹಳೇ ಬಜಾರ್, ಓಣಿಗಳ ಕನಸು ಕಟ್ಟಿಕೊಂಡು ಮಾತ್ರ ಹೋಗಬೇಡಿ. 2016ರಲ್ಲಿ ತಿಂಗಳುಗಟ್ಟಲೆ ಕರ್ಫ್ಯೂ, ಕಾದಾಟ ನಡೆದು ಊರಿನ ಎಷ್ಟೋ ಕೇರಿಗಳು ನೆಲಸಮವಾದವು. ಈಗ ಅಲ್ಲಿ ಒಂದೇ ಅಚ್ಚಿನ ಅಪಾರ್ಟ್‌ಮೆಂಟುಗಳು. ಜನ ಅದರ ಬಗ್ಗೆ ತಾವಾಗಿ ಮಾತಾಡಿದರೆ ಕೇಳಿ, ನೀವಾಗಿ ಕೆದಕಬೇಡಿ.

ಹಾಗಾಗಿ ಉಳಿಯುವುದು ಮಾರ್ದಿನ್‌ನಲ್ಲಿ. ಒಂದು ಗಂಟೆ ದಾರಿ. ಕುರ್ದರು, ಅರಬರು, ಸುರಿಯಾನಿ ಕ್ರೈಸ್ತರು ಕೂಡಿ ಬಾಳಿದ ಬೆಟ್ಟದ ಊರು. ಹತ್ತಿರದ ದೇರ್-ಉಲ್-ಜಾಫರಾನ್ ಮಠ 1932ರವರೆಗೆ ಸುರಿಯಾನಿ ಧರ್ಮಗುರುಗಳ ಪೀಠವಾಗಿತ್ತು. ಸಂತೆ ಬೀದಿಯಲ್ಲಿ ಬೆಳ್ಳಿ ತಂತಿಯ ಕುಸುರಿ ಕೆಲಸ, ನೀಲಿ ಬಣ್ಣದ ಬಾದಾಮಿ ಮಿಠಾಯಿ, ಬೆರಳುದ್ದದ ಬಟ್ಟಲಲ್ಲಿ 'ಮಿರ್ರಾ' ಎಂಬ ಕಹಿ ಕಾಫಿ. ಚಿಕ್ಕಮಗಳೂರಿನ ಫಿಲ್ಟರ್ ಕಾಫಿಯವರು ಒಂದು ಗುಟುಕಿಗೆ ನಿಲ್ಲಿಸುತ್ತೀರಿ ಅಂತ ನನ್ನ ಅಂದಾಜು.

ಮಂಡಿಯ ಮಾತು ಇಲ್ಲೇ. ಹಳೇ ಮಾರ್ದಿನ್‌ಗೆ ಒಂದೇ ಮುಖ್ಯ ಬೀದಿ, ಉಳಿದದ್ದೆಲ್ಲ ಮೆಟ್ಟಿಲು. ಕಸ ಒಯ್ಯಲು ಪುರಸಭೆ ಕತ್ತೆಗಳನ್ನು ಇಟ್ಟುಕೊಂಡಿರುವ ಊರು ಅದು, ಅಂದರೆ ಲೆಕ್ಕ ಹಾಕಿ. ಅಪ್ಪ ಅಮ್ಮನನ್ನು ಕರೆದೊಯ್ಯುವವರು ಹೋಟೆಲು ಮುಖ್ಯ ಬೀದಿಗೆ ತಾಗಿಕೊಂಡೇ ಇದೆಯಾ ಎಂದು ಕೇಳಿ ಖಾತ್ರಿ ಮಾಡಿಕೊಳ್ಳಿ. ಹಳೇ ಕಲ್ಲಿನ ಮನೆಗಳ ಹೋಟೆಲುಗಳು ಈ ಭಾಗದಲ್ಲಿ ದುಬಾರಿ, ವಸಂತದ ವಾರಾಂತ್ಯಗಳಲ್ಲಿ ಇನ್ನೂ ದುಬಾರಿ. ಕೆಳಗಿನ ಹೊಸ ಮಾರ್ದಿನ್‌ನಲ್ಲಿ ಉಳಿದು ಬಸ್ಸಿನಲ್ಲಿ ಮೇಲೆ ಬಂದರೆ ಅಗ್ಗ. ಆದರೆ ರಾತ್ರಿ ಮಾಳಿಗೆ ಮೇಲೆ ಕೂತು ಮೆಸೊಪೊಟೇಮಿಯಾದ ಬಯಲಿನ ದೀಪಗಳನ್ನು ನೋಡುವ ಸುಖ ಕೈತಪ್ಪುತ್ತದೆ. ಒಂದು ರಾತ್ರಿಯಾದರೂ ಮೇಲೆ ಇರಿ ಎನ್ನುತ್ತೇನೆ.

ಏಪ್ರಿಲ್, ಮೇ, ಅಕ್ಟೋಬರ್ ಒಳ್ಳೆಯ ಕಾಲ. ಜುಲೈ, ಆಗಸ್ಟ್‌ನಲ್ಲಿ 40 ಡಿಗ್ರಿ ದಾಟುತ್ತದೆ. ಅಷ್ಟಾದರೂ ಬಂದೇ ಬಂದಿರಿ ಎಂದರೆ ಮಧ್ಯಾಹ್ನವನ್ನು ಮಿದ್ಯಾತ್-ನುಸೈಬಿನ್ ರಸ್ತೆಯ ಬೆಯಾಜ್‌ಸು ಹೊಳೆಯಲ್ಲಿ ಕಳೆಯಿರಿ. ಹರಿಯುವ ನೀರಿನ ಮೇಲೇ ಮಣೆ ಹಾಕಿ ಕೂರಿಸುತ್ತಾರೆ.

ಜಾಖೋ ಮತ್ತು ಅಮೇದಿ: ಸೇತುವೆಯ ಊರು

ಟರ್ಕಿಯಿಂದ ಇರಾಕಿನ ಕುರ್ದಿಸ್ತಾನಕ್ಕೆ ಬರುವವರಿಗೆ ಮೊದಲು ಸಿಗುವ ಊರು ಜಾಖೋ. ಇಬ್ರಾಹಿಂ ಖಲೀಲ್ ಗಡಿಬಾಗಿಲು ಪಕ್ಕದಲ್ಲೇ. ಇಲ್ಲಿ ಕುರ್ದರು ಆಡಳಿತವನ್ನೂ ತಾವೇ ನಡೆಸುತ್ತಾರೆ. ಕುರ್ದಿ ಬೋರ್ಡು, ಕುರ್ದಿ ಶಾಲೆ, ಕುರ್ದಿ ಬಾವುಟ. ಟರ್ಕಿಯ ಎರಡು ಊರುಗಳನ್ನು ನೋಡಿ ಬಂದವರಿಗೆ ಇದೇ ದೊಡ್ಡ ವ್ಯತ್ಯಾಸ.

ಖಾಬೂರ್ ನದಿಗೆ ಕಟ್ಟಿದ ದೆಲಾಲ್ ಸೇತುವೆ ನೂರು ಮೀಟರಿಗೂ ಉದ್ದ. ಕಟ್ಟಿದ್ದು ರೋಮನ್ನರೋ ಬಾಗ್ದಾದಿನ ಅಬ್ಬಾಸಿ ಖಲೀಫರೋ ಎಂಬ ವಾದ ಮುಗಿದಿಲ್ಲ. ಊರವರು ಹೇಳುವ ಕಥೆ ಕೇಳಿ. ನಡುವಿನ ಕಮಾನು ಕಟ್ಟಿದಷ್ಟೂ ಬೀಳುತ್ತಿತ್ತಂತೆ. ಸೇತುವೆ ಮೇಲೆ ಮೊದಲು ಕಾಲಿಡುವ ಜೀವವನ್ನು ಬಲಿ ಕೊಡಬೇಕು ಅಂತಾಯಿತು. ಮೇಸ್ತ್ರಿಯ ಮನೆಯ ಹೆಣ್ಣುಮಗಳು ದೆಲಾಲ್ ಬುತ್ತಿ ಹಿಡಿದು ಬಂದಳು. ನಾಯಿ ಮುಂದೆ ಓಡುತ್ತಿತ್ತು, ಆದರೆ ಸೇತುವೆಯ ಬಳಿ ನಿಂತುಬಿಟ್ಟಿತು. ಅವಳನ್ನೇ ಕಲ್ಲಿನೊಳಗೆ ಇಟ್ಟು ಕಟ್ಟಿದರು. ಕೆರೆಗೆ ಹಾರವಾದ ಭಾಗೀರಥಿಯ ಕಥೆ ಕೇಳಿ ಬೆಳೆದವರಿಗೆ ಆ ಕಮಾನಿನ ಕೆಳಗೆ ನಿಂತಾಗ ಬೇರೆ ಏನೂ ಹೇಳಬೇಕಾಗಿಲ್ಲ.

ಜಾಖೋದಲ್ಲಿ ಒಂದು ಕಾಲಕ್ಕೆ ಅರಮಾಯಿಕ್ ಮಾತಾಡುವ ಯಹೂದಿಗಳು ತುಂಬಾ ಇದ್ದರು. 1950-51ರ ಸುಮಾರಿಗೆ ಅವರೆಲ್ಲ ಇಸ್ರೇಲಿಗೆ ಹೋದರು. ಈಗ ಉಳಿದದ್ದು ನೆನಪು ಮಾತ್ರ. ನಿಜ ಹೇಳಬೇಕೆಂದರೆ ಊರೊಳಗೆ ಅರ್ಧ ದಿನದ ಕೆಲಸವಷ್ಟೇ. ಇಲ್ಲಿಗೆ ಬರುವುದು ಸುತ್ತಲಿನ ಜಾಗಗಳಿಗಾಗಿ. ಅಮೇದಿ ನೋಡಿದವರು ಮರೆಯುವುದಿಲ್ಲ. ಮೇಜಿನಂತೆ ಚಪ್ಪಟೆಯಾದ ಬಂಡೆಬೆಟ್ಟದ ನೆತ್ತಿಯ ತುಂಬ ಒಂದು ಇಡೀ ಊರು, ಅಂಚಿನಲ್ಲಿ ಕೆತ್ತಿದ ಹಳೇ ಹೆಬ್ಬಾಗಿಲು. ಎದುರಿನ ಸುಲಾವ್‌ನಿಂದ ನೋಡಿದರೆ ಪೂರ್ತಿ ಕಾಣುತ್ತದೆ. ಇನ್ನೊಂದು ದಿನ ಲಾಲಿಶ್, ಯಜೀದಿ ಎಂಬ ಧರ್ಮದವರ ಪವಿತ್ರ ಕಣಿವೆ. ಅಲ್ಲಿ ಎಲ್ಲರೂ ಬರಿಗಾಲಲ್ಲಿ ನಡೆಯಬೇಕು, ಹೊಸಿಲು ತುಳಿಯಬಾರದು. ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ತೊಂದರೆ ಎಂದರೆ ಬಸ್ಸು. ಈ ಜಾಗಗಳಿಗೆ ಕಾರು ಮಾಡಲೇಬೇಕು. ಒಬ್ಬರೇ ಹೋದರೆ ಮೂರರಲ್ಲಿ ಇದೇ ದುಬಾರಿ, ನಾಲ್ವರು ಸೇರಿದರೆ ಇದೇ ಅಗ್ಗವಾಗಲೂಬಹುದು. ಉಳಿಯಲು ಜಾಖೋಗಿಂತ ಹತ್ತಿರದ ದುಹೋಕ್ ನಗರ ಅನುಕೂಲ. ಕಾರ್ಡ್ ನಂಬಬೇಡಿ, ಮಡಿಕೆ ಇಲ್ಲದ ಹೊಸ ಡಾಲರ್ ನೋಟು ಒಯ್ಯಿರಿ. ಬೆಟ್ಟದ ದಾರಿಯಲ್ಲಿ ಗುರುತಿಲ್ಲದ ಕಡೆ ನುಗ್ಗಬೇಡಿ, ಹಳೇ ಯುದ್ಧಗಳ ನೆಲಬಾಂಬುಗಳು ಇನ್ನೂ ಇವೆ. ಕೊಲ್ಲಿಯಲ್ಲಿರುವವರಿಗೆ ಇರಾಕಿನ ಕುರ್ದಿಸ್ತಾನದ ರಾಜಧಾನಿ ಎರ್ಬಿಲ್‌ಗೆ ನೇರ ವಿಮಾನ ಇರುವುದರಿಂದ ಇದು ಹತ್ತಿರದ ದಾರಿ. ಎರ್ಬಿಲ್‌ನಲ್ಲಿ ಭಾರತದ ಕಾನ್ಸುಲೇಟ್ ಇರುವುದೂ ಒಂದು ಧೈರ್ಯ. ಆದರೆ ಇಡೀ ಪ್ರದೇಶದಲ್ಲಿ ಗಲಾಟೆಯಾದಾಗ ವಿಮಾನ ನಿಲ್ಲುವುದೂ ಇಲ್ಲೇ ಮೊದಲು. ರಜೆ ಎರಡು ದಿನ ಹೆಚ್ಚಾದರೂ ಪರವಾಗಿಲ್ಲ ಎನ್ನುವವರು ಮಾತ್ರ ಬನ್ನಿ.

ಹೊಟ್ಟೆಪಾಡು

ಸಸ್ಯಾಹಾರಿಗಳು ಬದುಕಬಹುದು, ಬೆಳಗಿನ ತಿಂಡಿಯನ್ನೇ ದೊಡ್ಡ ಊಟ ಮಾಡಿಕೊಂಡರೆ. ವಾನ್ ಕಡೆಯ ತಿಂಡಿಗೆ ಟರ್ಕಿಯಲ್ಲೆಲ್ಲ ಹೆಸರು: ಸೊಪ್ಪು ಬೆರೆಸಿದ ಚೀಸ್, ಕೆನೆ, ಜೇನು, ಬಿಸಿ ರೊಟ್ಟಿ. ಮಧ್ಯಾಹ್ನಕ್ಕೆ ಬೇಳೆ ಸೂಪು. ಮೊದಲೆರಡು ದಿನ ನಾನು ಧೈರ್ಯವಾಗಿ ಅನ್ನ ತಿಂದೆ, ಮೂರನೇ ದಿನ ಅದು ಮೂಳೆ ಸಾರಲ್ಲಿ ಬೇಯುತ್ತದೆ ಅಂತ ಗೊತ್ತಾಯಿತು. "ಬೇ ಗೋಷ್ತ್" ಎಂದು ಕೇಳಿ, ಮಾಂಸವಿಲ್ಲದೆ ಅಂತ. ಗೋಷ್ತ್ ಎಂಬ ಮಾತು ನಮಗೂ ಗೊತ್ತಿರುವುದೇ. ಈ ವಿಷಯದಲ್ಲಿ ಜಾಖೋ ಕಡೆ ಪರವಾಗಿಲ್ಲ, ಫಲಾಫೆಲ್, ಮಜ್ಜಿಗೆ ಎಲ್ಲೆಡೆ ಸಿಗುತ್ತದೆ. ಮಾಂಸ ತಿನ್ನುವವರು ಬಾಜೀದ್‌ನ ಅಬ್ದಿಗೋರ್ ಕೋಫ್ತೆ ಬಿಡಬೇಡಿ, ಜಜ್ಜಿದ ಮಾಂಸದ ದೊಡ್ಡ ಉಂಡೆ. ಟರ್ಕಿಯ ಕುರ್ದರ ಊರುಗಳಲ್ಲಿ ಚಹಾ ಅಂದರೆ 'ಕಚಾಕ್ ಚಾಯ್', ಕಳ್ಳಸಾಗಣೆಯ ಚಹಾ ಅಂತ. ಹೆಸರು ಕೇಳಿ ಹೆದರಬೇಡಿ, ಖಡಕ್ ಸಿಲೋನ್ ಚಹಾ ಅಷ್ಟೇ.

ಹಾಗಾದರೆ ಯಾವುದು?

ಐದು ದಿನ ರಜೆ, ಮೊದಲ ಸಲ, ಪರ್ವತ ಎಂದರೆ ಪ್ರಾಣ, ಜೇಬು ಸಣ್ಣದು: ಬಾಜೀದ್, ವಾನ್ ಸೇರಿಸಿ. ಇತಿಹಾಸ, ಕಟ್ಟಡ, ಒಳ್ಳೆಯ ಹೋಟೆಲು ಬೇಕು, ಮಂಡಿ ಗಟ್ಟಿಯಿದೆ: ಮಾರ್ದಿನ್, ಅಲ್ಲಿಂದ ದಾರಾ ಮತ್ತು ನುಸೈಬಿನ್ ಒಂದೇ ದಿನದಲ್ಲಿ. ಕೊಲ್ಲಿಯಲ್ಲಿದ್ದೀರಿ, ಮೂರ್ನಾಲ್ಕು ಗೆಳೆಯರಿದ್ದೀರಿ, ಟರ್ಕಿ ವೀಸಾ ಕಷ್ಟ: ಜಾಖೋ. ಚಿಕ್ಕ ಮಕ್ಕಳಿದ್ದರೆ ನಾನಾಗಿದ್ದರೆ ಮಾರ್ದಿನ್‌ಗೇ ಹೋಗುತ್ತಿದ್ದೆ, ಮೆಟ್ಟಿಲಿದ್ದರೂ. ಕುರ್ದರ ಪ್ರದೇಶವನ್ನು ಆಗಲೇ ಒಮ್ಮೆ ನೋಡಿದವರು ಇರಾಕಿನಲ್ಲೇ ಇರಾನ್ ಗಡಿ ಹತ್ತಿರ ಇರುವ ಹಲಬ್ಜಾಕ್ಕೆ ಹೋಗಿ. 1988ರ ಮಾರ್ಚ್ 16ರಂದು ಸದ್ದಾಂ ಸೇನೆಯ ವಿಷಾನಿಲಕ್ಕೆ ಸುಮಾರು 5,000 ಜನ ಸತ್ತ ಊರು. ಅದು ಮೊದಲ ಸಲದ ರಜೆಗೆ ಹೋಗುವ ಜಾಗವಲ್ಲ.

ಹತ್ತು ದಿನ ಇರುವವರು ಮಾರ್ದಿನ್ ಮತ್ತು ಜಾಖೋ ಸೇರಿಸಬಹುದು. ದಾರಿಯಲ್ಲಿ ಜಿಜ್ರೆ ಸಿಗುತ್ತದೆ. ಖಾನಿ ಬರೆದ ಮೆಮ್ ಮತ್ತು ಜೀನ್‌ರ ಸಮಾಧಿ ತೋರಿಸುವುದು ಅಲ್ಲೇ. ಹತ್ತಿರದ ಜೂದಿ ಬೆಟ್ಟದ ಮೇಲೆ ನೋಹನ ನಾವೆ ನಿಂತಿತು ಅಂತ ಅಲ್ಲಿಯವರ ಮಾತು, ಬಾಜೀದ್‌ನವರು ಏನೇ ಹೇಳಲಿ. ಆದರೆ ಭಾರತೀಯರಿಗೆ ಸಿಗುವ ಟರ್ಕಿ ಇ-ವೀಸಾ ಒಂದೇ ಸಲದ ಪ್ರವೇಶಕ್ಕೆ. ಗಡಿ ದಾಟಿ ಜಾಖೋಗೆ ಕಾಲಿಟ್ಟರೆ ಅದೇ ವೀಸಾದಲ್ಲಿ ವಾಪಸ್ ಬರಲಾಗದು. ಮಾರ್ದಿನ್‌ಗೆ ಇಳಿದು ಎರ್ಬಿಲ್‌ನಿಂದ ಹಾರುವ ಹಾಗೆ ಟಿಕೆಟ್ ಮಾಡಿ. ಮಾರ್ಚ್ 20ರ ಸಂಜೆಗೆ ಸರಿಯಾಗಿ ಇರಾಕಿನ ಕುರ್ದಿಸ್ತಾನದ ಅಕ್ರೆ ಊರು ತಲುಪುವಂತಿದ್ದರೆ ಇನ್ನೂ ಚೆನ್ನ. ಹೊಸ ವರ್ಷದ ನೌರೋಜ್ ಹಬ್ಬಕ್ಕೆ ಸಾಲು ಸಾಲು ಪಂಜು ಹಿಡಿದು ಜನ ಬೆಟ್ಟ ಹತ್ತುತ್ತಾರೆ. ಆ ವಾರದ ರೂಮನ್ನು ಮಾತ್ರ ಎರಡು ತಿಂಗಳು ಮೊದಲೇ ಹಿಡಿದಿಡಿ.